ಸಾದಲಿಯ ಕೊಂಡಮ್ಮನ ಗಾಜಿನ ತೊಟ್ಟಿ

ಮದುವೆಯಾಗಿ ಗಂಡನ ಮನೆಯ ಹೊಸಿಲು ತುಳಿದ ದಿನ ಕೊಂಡಮ್ಮನ ಸೊಂಟದ ಮೇಲೆ ಒಂದು ಹಿತ್ತಾಳೆಯ ಬಿಂದಿಗೆ ಇತ್ತು. ಬಿಂದಿಗೆಯ ಬಾಯಿಗೆ ಒದ್ದೆ ಬಟ್ಟೆ ಕಟ್ಟಿತ್ತು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಹತ್ತಿದಾಗಿನಿಂದ ಶಿಡ್ಲಘಟ್ಟದಲ್ಲಿ ಇಳಿಯುವವರೆಗೆ ಅವಳು ಅದನ್ನು ತೊಡೆಯ ಮೇಲಿಂದ ಕೆಳಗಿಟ್ಟಿರಲಿಲ್ಲ. ಶಿಡ್ಲಘಟ್ಟದಿಂದ ಸಾದಲಿಗೆ ಬರುವ ಎತ್ತಿನ ಗಾಡಿಯಲ್ಲಿ, "ಕೆಳಗಿಡಮ್ಮ, ಕಾಲು ಜೋಮು ಹಿಡೀತದೆ" ಎಂದು ಜೊತೆಯ ಹೆಂಗಸರು ಹೇಳಿದರೂ ಇಟ್ಟಿರಲಿಲ್ಲ. ಅವಳು ಹೊಸಿಲ ಮೇಲಿನ ಅಕ್ಕಿಯ ಸೇರನ್ನು ಬಲಗಾಲಿನಿಂದ ಉರುಳಿಸಿ ಒಳಗೆ ಬಂದ ಮೇಲೆ ಅತ್ತೆ ಮುನಿಗಂಗಮ್ಮ, ಬೀಗರು ತುಪ್ಪ ಕಳಿಸಿದ್ದಾರೆಂದು ಹಿಗ್ಗಿ, ಬಟ್ಟೆ ಬಿಚ್ಚಿ ಇಣುಕಿದಳು.

"ಏನಮ್ಮ ಇದು, ನೀರಾಗೆ ಎಲೆ ತೇಲ್ತಾ ಅವೆ?"

"ಎಲೆ ಅಲ್ಲ ಅತ್ತೆ. ಮೀನು."

"ಸಾರಿಗಾ?"

"ಸಾಕೋಕೆ."

ಮುನಿಗಂಗಮ್ಮ ಬಟ್ಟೆಯನ್ನು ಮತ್ತೆ ಬಿಂದಿಗೆಯ ಬಾಯಿಗೆ ಹಾಕಿ, ಮಗನ ಮುಖ ನೋಡಿದಳು. ಮದುಮಗ ನರಸಿಂಹಪ್ಪ ಸೂರಿನ ತೊಲೆ ಎಣಿಸುತ್ತ ನಿಂತಿದ್ದ. ಅಷ್ಟರಲ್ಲಿ ಹಿಂದಿನ ಗಾಡಿಯಿಂದ ಇಬ್ಬರು ಆಳುಗಳು ಒಣಹುಲ್ಲು ಸುತ್ತಿದ ಒಂದು ದೊಡ್ಡ ಪೆಟ್ಟಿಗೆಯನ್ನು ಇಳಿಸಿ ತಂದರು. ಹುಲ್ಲು ಬಿಚ್ಚಿದಾಗ ಕಬ್ಬಿಣದ ಪಟ್ಟಿಯ ಅಂಚಿನ ಗಾಜಿನ ತೊಟ್ಟಿ ಕಂಡಿತು. ಅದರ ತಳದಲ್ಲಿ ಹೂಕೋಸಿನಂತೆ ಕವಲೊಡೆದ ಒಂದು ಬಿಳಿಯ ಹವಳದ ಕಲ್ಲು. ಸಾದಲಿಯವರು ಅಂದಿನವರೆಗೆ ಸಮುದ್ರವನ್ನೂ ಕಂಡಿರಲಿಲ್ಲ, ಸಮುದ್ರದ ಕಲ್ಲನ್ನೂ ಕಂಡಿರಲಿಲ್ಲ.

ಇದು ಐವತ್ತೊಂಬತ್ತನೆಯ ಇಸವಿಯ ಮಾತು. ಕೊಂಡಮ್ಮನ ತಂದೆ ಮುನಿಶಾಮಪ್ಪ ಮುದ್ದೇನಹಳ್ಳಿಯವನು. ಬೆಂಗಳೂರಿನ ದಂಡಿನಲ್ಲಿ ಒಬ್ಬ ದೊರೆಯ ಬಂಗಲೆಯಲ್ಲಿ ತೋಟದ ಮಾಲಿಯಾಗಿದ್ದ. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾದ ಮೇಲೆ ಆ ದೊರೆ ಹಡಗು ಹತ್ತಿದ. ದೊರೆಸಾನಿ ಕುರ್ಚಿ ಮೇಜುಗಳನ್ನು ಹರಾಜಿಗೆ ಬಿಟ್ಟು, ಮೀನಿನ ತೊಟ್ಟಿಯನ್ನು ಮಾತ್ರ ಮಾಲಿಗೆ ಕೊಟ್ಟಳು. ಹರಾಜಿನಲ್ಲಿ ಹಿಡಿದವನು ಅದರೊಳಗೆ ಬಟ್ಟೆಬರೆ ತುಂಬಿಟ್ಟಾನೆಂಬ ಭಯ ಅವಳಿಗೆ. ಮುನಿಶಾಮಪ್ಪ ತೊಟ್ಟಿಯನ್ನು ಊರಿಗೆ ತಂದ. ತಾಯಿಯಿಲ್ಲದ ಮಗಳು ಕೊಂಡಮ್ಮ ಅದನ್ನು ತನ್ನದಾಗಿಸಿಕೊಂಡಳು. ಬಾವಿಯ ನೀರನ್ನು ಒಂದು ದಿನ ಗುಡಾಣದಲ್ಲಿಟ್ಟು ಆಮೇಲೆ ತೊಟ್ಟಿಗೆ ಹಾಕುವುದು, ದನದ ಕಲ್ಲುಬಾನಿಯಲ್ಲಿ ಹುಟ್ಟುವ ಸೊಳ್ಳೆಮರಿಗಳನ್ನು ಹಳೆಯ ಪಂಚೆಯ ತುಂಡಿನಿಂದ ಸೋಸಿ ಮೀನಿಗೆ ಕೊಡುವುದು, ಎಲ್ಲವನ್ನೂ ಅವಳು ತಂದೆಯಿಂದ ಕಲಿತಳು. ಮೀನುಗಳು ಮೊಟ್ಟೆಯಿಟ್ಟವು, ಮರಿ ಮಾಡಿದವು, ಮುದಿಯಾಗಿ ಸತ್ತವು. ಅವುಗಳ ಮರಿಗಳು ಉಳಿದವು. ನಾಣ್ಯದಂತೆ ತೆಳ್ಳಗಿನ, ವೀಳ್ಯದೆಲೆಯಂತೆ ಅಗಲವಾದ ಮೀನು. ಬೆಳ್ಳಿಯ ಮೈಮೇಲೆ ಕಾಡಿಗೆಯಿಂದ ಎಳೆದಂತೆ ನೆಟ್ಟನೆಯ ಗೆರೆಗಳು, ಮೇಲೆ ಕೆಳಗೆ ನೀಳವಾದ ರೆಕ್ಕೆ. ದೊರೆಸಾನಿ ಕರೆದಂತೆಯೇ ಮುನಿಶಾಮಪ್ಪ ಅವನ್ನು ಏಂಜಲ್ ಮೀನು ಎನ್ನುತ್ತಿದ್ದ.

ಮದುವೆ ಗೊತ್ತಾದಾಗ ಅವನು ಮಗಳಿಗೆ ಬಳುವಳಿಯಾಗಿ ಒಂದು ಹಸುವನ್ನು ಕೊಡಬೇಕೆಂದಿದ್ದ. ಕೊಂಡಮ್ಮ, "ಹಸು ಬೇಡ, ತೊಟ್ಟಿ ಕೊಡು" ಎಂದಳು. "ಗಂಡನ ಮನೇರು ಏನಂತಾರಮ್ಮ?" ಎಂದರೆ, "ಅಂದ್ರೆ ಅನ್ಲಿ. ಹಸು ಎಲ್ಲಾರ ಮನೇಲೂ ಐತೆ" ಎಂದಳು. ಹೆಣ್ಣು ನೋಡಲು ಬಂದಿದ್ದ ನರಸಿಂಹಪ್ಪ ಹೆಣ್ಣಿಗಿಂತ ಹೆಚ್ಚು ಹೊತ್ತು ಮೀನನ್ನೇ ನೋಡಿದ್ದ ಎಂದು ಮುದ್ದೇನಹಳ್ಳಿಯವರು ಬಹಳ ದಿನ ನಗೆಯಾಡಿದರು. ಆದ್ದರಿಂದ ಅವನು ಬೇಡವೆನ್ನುವ ಹಾಗಿರಲಿಲ್ಲ.

ಸಾದಲಿಯ ಆ ಮನೆಯಲ್ಲಿ ಮನುಷ್ಯರಿಗಿಂತ ರೇಷ್ಮೆಹುಳಗಳಿಗೆ ಮರ್ಯಾದೆ ಹೆಚ್ಚು. ಬೆಳೆ ಇದ್ದಾಗ ನಡುಮನೆಯೆಲ್ಲ ಹುಳದ ಮನೆಯಾಗುತ್ತಿತ್ತು. ಬಿದಿರಿನ ತಟ್ಟೆಗಳು ಸಾಲು ಸಾಲಾಗಿ ಸೂರು ಮುಟ್ಟುತ್ತಿದ್ದವು. ಮನೆಯವರು ಹಜಾರದಲ್ಲಿಯೋ ಜಗಲಿಯ ಮೇಲೋ ಮಲಗುತ್ತಿದ್ದರು. ಹುಳದ ಮನೆಯ ಹತ್ತಿರ ಒಗ್ಗರಣೆ ಸಿಡಿಯುವಂತಿಲ್ಲ. ಹೊಗೆಸೊಪ್ಪು ಹಾಕಿಕೊಂಡವರು ಒಳಗೆ ಹೋಗುವಂತಿಲ್ಲ. ಮೀನು ಹುರಿಯುವ ಮಾತಂತೂ ದೂರ. ಬಾಗಿಲಿಗೆ ಬೇವಿನ ಸೊಪ್ಪು, ಹೊಸಿಲಿಗೆ ಬೂದಿಯ ಗೆರೆ; ಹೊರಗಿನವರ ಕಾಲು ಆ ಗೆರೆಯನ್ನು ದಾಟಬಾರದು. ಹುಳ ಮೇವು ಬಿಟ್ಟು, ಅಲ್ಲಾಡದೆ ಕೂತು ಪೊರೆ ಬಿಡುವ ದಿನಗಳನ್ನು ಆ ಸೀಮೆಯಲ್ಲಿ 'ಜ್ವರ' ಎನ್ನುತ್ತಾರೆ. ನಾಲ್ಕು ಜ್ವರ ಕಳೆದ ಹುಳ ಹಣ್ಣಾಗಿ ಗೂಡು ಕಟ್ಟುತ್ತದೆ. ಜ್ವರಕ್ಕೆ ಕೂತ ಹುಳದ ಮುಂದೆ ಮುನಿಗಂಗಮ್ಮ ಗಟ್ಟಿಯಾಗಿ ಕೆಮ್ಮುತ್ತಲೂ ಇರಲಿಲ್ಲ.

ಇಂಥ ಮನೆಯಲ್ಲಿ ತೊಟ್ಟಿಗೆ ಮೊದಲು ಸಿಕ್ಕಿದ ಜಾಗ ಹಜಾರದ ಮೂಲೆ. ಮಳೆಗಾಲ ಅಲ್ಲಿಯೇ ಕಳೆಯಿತು. ಮಾರ್ಗಶಿರದ ಚಳಿ ಬಿದ್ದಾಗ ಮೀನುಗಳು ರೆಕ್ಕೆ ಮಡಿಚಿ ತಳ ಹಿಡಿದವು. ಒಂದು ಸತ್ತೇ ಹೋಯಿತು. ಇಡೀ ಮನೆಯಲ್ಲಿ ಬೆಚ್ಚಗಿದ್ದದ್ದು ಹುಳದ ಮನೆಯೊಂದೇ. ಅಲ್ಲಿ ಹುಳಕ್ಕೆಂದು ಇದ್ದಿಲ ಕೆಂಡದ ಅಗ್ಗಿಷ್ಟಿಕೆ ಸದಾ ಇರುತ್ತಿತ್ತು. ಕೊಂಡಮ್ಮ ಯಾರನ್ನೂ ಕೇಳದೆ, ಗಂಡನ ಕೈಯಲ್ಲಿ ಒಂದು ಕಡೆ ಹಿಡಿಸಿ, ತೊಟ್ಟಿಯನ್ನು ಅಲ್ಲಿಗೆ ಸಾಗಿಸಿದಳು.

ಮುನಿಗಂಗಮ್ಮ ಸೊಪ್ಪಿನ ಹೊರೆ ಇಳಿಸಿ ಒಳಗೆ ಬಂದವಳು ಹಾಗೆಯೇ ನಿಂತಳು.

"ಹುಳದ ಮನೇಲಿ ಮೀನಾ? ನಿಮ್ಮಪ್ಪ ಇದನ್ನೇ ಕಲಿಸಿ ಕಳಿಸಿದ್ದಾ?"

"ಹುರಿದ್ರೆ ವಾಸನೆ ಅತ್ತೆ. ಈಜ್ತಾ ಇದ್ರೆ ಯಾವ ವಾಸನೆ? ಮೂಗಿಟ್ಟು ನೋಡಿ."

ಮುನಿಗಂಗಮ್ಮ ನಿಜವಾಗಿಯೂ ಬಗ್ಗಿ ಮೂಸಿದಳು. ವಾಸನೆ ಇರಲಿಲ್ಲ. ಅದರಿಂದ ಅವಳಿಗೆ ಕೋಪ ಇನ್ನೂ ಹೆಚ್ಚಾಯಿತು.

"ನನ್ ಹುಳಾನ ಮೀನಿಗೆ ಹಾಕಿದ್ದು ಕಣ್ಣಿಗೆ ಬಿತ್ತೋ, ನಿನ್ನೂ ಮೀನನ್ನೂ ಒಂದೇ ಗಾಡೀಲಿ ಕಳಿಸ್ತೀನಿ."

"ಒಂದೇ ಗಾಡೀಲೇ ಬಂದಿದ್ದೀವಿ. ಒಂದೇ ಗಾಡೀಲಿ ಹೋದ್ರಾಯ್ತು."

ಹೀಗೆ ಜಗಳವಾಡುತ್ತಲೇ ಇಬ್ಬರೂ ಒಂದೇ ಕೋಣೆಯಲ್ಲಿ ದುಡಿದರು. ಕೊಂಡಮ್ಮ ಹುಳದ ಕೆಲಸವನ್ನೂ ಬೇಗ ಕಲಿತಳು. ಎಳೆಯ ಹುಳಕ್ಕೆ ಸೊಪ್ಪನ್ನು ನೂಲಿನಂತೆ ಹೆಚ್ಚುವುದರಲ್ಲಿ ಅವಳ ಕೈ ಅತ್ತೆಯ ಕೈಯನ್ನು ಮೀರಿಸಿತು. ಅತ್ತೆ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೆಚ್ಚುವ ಕತ್ತಿಯನ್ನು ಮಾತ್ರ ಸೊಸೆಯ ಕಡೆ ತಳ್ಳಿದಳು. ಬೆಳೆಗಳು ಬಂದವು, ಹೋದವು. ಊರಿನ ಬಾಯಲ್ಲಿ ಏಂಜಲ್ ಮೀನು ಎಂಜಲು ಮೀನಾಯಿತು. ಬಾವಿಕಟ್ಟೆಯ ಮೇಲೆ ಹೆಂಗಸರು, "ಏನಮ್ಮ, ನಿನ್ ಎಂಜಲು ಮಕ್ಕಳಿಗೆ ಊಟ ಆಯ್ತಾ?" ಎಂದು ಕೆಣಕಿದರೆ, "ಆಯ್ತು. ನಿಮ್ ಮನೆ ಸೊಳ್ಳೆ ಇದ್ರೆ ಕಳಿಸಿ, ಇನ್ನೂ ಹಸಿವೈತಂತೆ" ಎಂದು ಬಿಂದಿಗೆ ಎತ್ತಿಕೊಂಡು ಬರುತ್ತಿದ್ದಳು.

ತೊಂದರೆ ಬಂದದ್ದು ಮೀನಿನಿಂದಲ್ಲ, ಮೀನು ನೋಡುವವರಿಂದ. ಗಾಜಿನ ತೊಟ್ಟಿಯ ಸುದ್ದಿ ಸುತ್ತಲಿನ ಹಳ್ಳಿಗಳಿಗೆ ಹಬ್ಬಿತು. ನರಸಿಂಹಪ್ಪನ ತಂದೆ ತೀರಿಹೋಗಿ ಬಹಳ ಕಾಲವಾಗಿತ್ತು. ಪಕ್ಕದ ಮನೆಯ ಚಿಕ್ಕಪ್ಪ ರಾಮಾಂಜಿನಪ್ಪನೇ ಆ ವಂಶಕ್ಕೆ ಹಿರಿಯ. ಮೊದಲು, "ಇದೇನ್ ಹುಚ್ಚು" ಎಂದವನು ಅವನೇ. ಆಮೇಲೆ ನೆಂಟರಿಷ್ಟರ ಮುಂದೆ, "ನಮ್ಮನೇಲಿ ದೊರೆ ಸಾಕಿದ ಮೀನು ಐತೆ, ಬರ್ರಿ ತೋರಿಸ್ತೀನಿ" ಎಂದು ಬೀಗತೊಡಗಿದವನೂ ಅವನೇ. ಕೊಂಡಮ್ಮನೂ ಗಂಡನೂ ಸೊಪ್ಪು ಕೊಯ್ಯಲು ತೋಟಕ್ಕೆ ಹೋದ ಹೊತ್ತು ನೋಡಿ, ಅವನು ಬಂದವರನ್ನು ಹುಳದ ಮನೆಯೊಳಕ್ಕೇ ಕರೆತರುತ್ತಿದ್ದ. ಮುನಿಗಂಗಮ್ಮ ಗೊಣಗುತ್ತಿದ್ದಳು. ಹಿರಿತನ ಮಾಡುವ ಮೈದುನನನ್ನು ಹೊಸಿಲಲ್ಲಿ ತಡೆಯುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಅರವತ್ತೆರಡರ ಕಾರ್ತಿಕದ ಬೆಳೆಯಲ್ಲಿ ಹಾಗೆ ಬಂದ ಒಬ್ಬ ನೆಂಟ ಮೀನು ನೋಡಿದ್ದು ಸಾಲದೆಂದು ತಟ್ಟೆಯಿಂದ ಒಂದು ಹುಳವನ್ನೂ ಎತ್ತಿ, ಅಂಗೈ ಮೇಲೆ ಹರಿದಾಡಿಸಿ, ಮತ್ತೆ ತಟ್ಟೆಗೆ ಬಿಟ್ಟ.

ಆ ಬೆಳೆ ನಾಲ್ಕನೆಯ ಜ್ವರ ಎದ್ದ ಮೇಲೆ ಕೆಟ್ಟಿತು. ಹುಳದ ಮೈ ಊದಿಕೊಂಡು ಮಿರಮಿರನೆ ಹೊಳೆಯಿತು. ಹುಳಗಳು ಮೇವು ಬಿಟ್ಟು ತಟ್ಟೆಯ ಅಂಚಿನಲ್ಲಿ ಗೊತ್ತುಗುರಿಯಿಲ್ಲದೆ ಅಲೆದವು. ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ನೀರು. ಹಾಲುತೊಂಡೆ ರೋಗ. ಒಂದು ತಟ್ಟೆಯಿಂದ ಇನ್ನೊಂದಕ್ಕೆ ಹಬ್ಬಿ, ಕೊನೆಗೆ ಎಲ್ಲವನ್ನೂ ಹಿತ್ತಲಿನ ಗುಂಡಿಗೆ ಸುರಿದು, ಮೇಲೆ ಸುಣ್ಣ ಹಾಕಿ ಮುಚ್ಚಬೇಕಾಯಿತು. ಗುಂಡಿ ಮುಚ್ಚುವಾಗ ಮುನಿಗಂಗಮ್ಮ ಅಳಲಿಲ್ಲ. ಕೈ ತೊಳೆದುಕೊಂಡು ಬಂದು ತೊಟ್ಟಿಯ ಮುಂದೆ ಬಹಳ ಹೊತ್ತು ಕೂತಿದ್ದಳು.

ಮರುದಿನ ಬೆಳಗ್ಗೆ ರಾಮಾಂಜಿನಪ್ಪ ಜಗಲಿಯ ಮೇಲೆ ಕಂಬಳಿ ಹಾಸಿಸಿಕೊಂಡು ಕೂತ. ಓಣಿಯ ನಾಲ್ಕು ಜನರೂ ಸೇರಿದರು.

"ಹುಳದ ಮನೇಲಿ ಮೀನಿಟ್ರೆ ಇನ್ನೇನಾಗ್ತದೆ? ನಮ್ ತಾತನ ಕಾಲದಿಂದ ಈ ಮನೇಲಿ ಹಾಲುತೊಂಡೆ ಬಂದಿರ್ಲಿಲ್ಲ. ನರಸಿಂಹ, ಆ ತೊಟ್ಟಿ ಎತ್ತು. ಮೀನು ಕೆರೆಗೆ ಬಿಟ್ಟು ಬಾ."

ನರಸಿಂಹಪ್ಪ ಒಂದು ಹುಲ್ಲುಕಡ್ಡಿಯನ್ನು ಸಣ್ಣಗೆ ಮುರಿಯುತ್ತ ಕೂತಿದ್ದ. ಚಿಕ್ಕಪ್ಪನಿಗೂ ಹೆಂಡತಿಗೂ ನಡುವೆ ಬಾಯಿ ಹಾಕುವ ಧೈರ್ಯ ಅವನಿಗಿರಲಿಲ್ಲ. ಬಾಗಿಲ ಹಿಂದಿನಿಂದ ಕೊಂಡಮ್ಮ ಹೊರಗೆ ಬಂದಳು. ಸೊಸೆಯಂದಿರು ಹಿರಿಯರ ಎದುರಿಗೆ ಬಂದು ಮಾತನಾಡುವ ವಾಡಿಕೆ ಇರಲಿಲ್ಲ. ಅವಳು ಸೆರಗು ಹೊದ್ದೇ ಬಂದಳು. ತಲೆಯನ್ನು ಮಾತ್ರ ತಗ್ಗಿಸಲಿಲ್ಲ.

"ಮೂರು ವರ್ಷದಿಂದ ಮೀನು ಅಲ್ಲೇ ಅವೆ ಮಾವ. ಆಗ ಬಂದ ಬೆಳೆ ಯಾರು ಕೊಟ್ರು?"

"ಎದುರು ಮಾತಾಡ್ತೀಯಾ? ಈ ಮನೇಲಿ ಮೀನಾದ್ರೂ ಇರ್ಬೇಕು, ನೀನಾದ್ರೂ ಇರ್ಬೇಕು."

"ಇಬ್ರೂ ಇರ್ತೀವಿ."

ಜಗಲಿಯಲ್ಲಿದ್ದವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಯಾರೋ ಹಿಂದೆ ಕಿಸಕ್ಕೆಂದು ನಕ್ಕರು. ಕೊಂಡಮ್ಮ ಮುಂದುವರಿಸಿದಳು: "ಮುಂದಿನ ಬೆಳೆ ಆ ಮನೇಲೇ ಇಡ್ತೀನಿ, ಮೀನೂ ಅಲ್ಲೇ ಇರ್ತವೆ. ಆದ್ರೆ ಮೊಟ್ಟೆ ಒಡೆದ ದಿನದಿಂದ ಗೂಡು ಬಿಡಿಸೋವರ್ಗೂ ಈ ಮನೇಲಿ ಮಲಗೋ ಮೂರು ಜನ ಬಿಟ್ಟು ಇನ್ಯಾರ ಕಾಲೂ ಒಳಕ್ಕೆ ಬೀಳಬಾರ್ದು. ಹಂಗೂ ಹುಳ ಸತ್ರೆ ನನ್ ಕೈಯಾರೆ ಮೀನು ತಗೊಂಡೋಗಿ ಕೆರೆಗೆ ಬಿಡ್ತೀನಿ. ಯಾರೂ ಹೇಳೋದು ಬೇಡ. ಬದುಕಿದ್ರೆ, ಆ ತೊಟ್ಟಿ ವಿಷ್ಯ ಯಾರೂ ಎತ್ತಬಾರ್ದು."

ರಾಮಾಂಜಿನಪ್ಪ ನಕ್ಕು, "ಆಯ್ತಮ್ಮ. ಕೆರೆ ಎಲ್ಲಿಗೂ ಹೋಗಲ್ಲ" ಎಂದ.

ಕೆಟ್ಟ ಬೆಳೆಯ ಮನೆಯನ್ನು ಶುದ್ಧ ಮಾಡುವುದು ಸಣ್ಣ ಕೆಲಸವಲ್ಲ. ತಟ್ಟೆಗಳನ್ನು ತೊಳೆದು ಬಿಸಿಲಿಗೆ ಹಾಕಿದರು. ಬಾಗಿಲ ಸಂದು ಮುಚ್ಚಿ ಒಳಗೆ ಗಂಧಕದ ಹೊಗೆ ಹಾಕಿದರು. ಗೋಡೆಗೆ ಸುಣ್ಣ, ನೆಲಕ್ಕೆ ಸಗಣಿ. ಅಷ್ಟು ದಿನವೂ ಮೀನುಗಳು ಹಿತ್ತಲಿನ ನೀರೊಲೆಯ ಪಕ್ಕ, ಬೆಚ್ಚಗಿರಲೆಂದು ಇಟ್ಟ ಗುಡಾಣದಲ್ಲಿದ್ದವು. ಉಳಿದಿದ್ದ ಮೂರರಲ್ಲಿ ಒಂದು ಮೇಲಕ್ಕೆ ನೆಗೆದು ಹೊರಗೆ ಬಿತ್ತು; ಕಾಗೆ ಎತ್ತಿಕೊಂಡು ಹೋಯಿತು. ಕೊಂಡಮ್ಮ ಕಲ್ಲು ಬೀರಿದಳು, ತಾಗಲಿಲ್ಲ. ಅಂದಿನಿಂದ ಗುಡಾಣದ ಬಾಯಿಗೆ ಜರಡಿ ಮುಚ್ಚಿದಳು. ಮಿಕ್ಕಿದ್ದು ಒಂದು ಜೋಡಿ.

ಹೊಸ ಬೆಳೆ ಪುಷ್ಯದ ಚಳಿಯಲ್ಲಿ ನಡೆಯಿತು. ಕೊಂಡಮ್ಮ ಬಾಗಿಲಲ್ಲಿ ನೀರಿನ ಬಾನಿ ಇಟ್ಟಳು. ಗಂಡನಾದರೂ ಕೈಕಾಲು ತೊಳೆಯದೆ ಒಳಗೆ ಬರುವಂತಿರಲಿಲ್ಲ. ನರಸಿಂಹಪ್ಪ, "ದೇವಸ್ಥಾನದಾಗೂ ಇಷ್ಟು ಕೇಳಲ್ಲ" ಎಂದರೆ, "ದೇವ್ರಿಗೆ ಹಾಲುತೊಂಡೆ ಬರಲ್ಲ" ಎಂದಳು. ಮುನಿಗಂಗಮ್ಮ ಈ ಪಂಥದಲ್ಲಿ ಸೊಸೆಯ ಕಡೆಯೂ ಇರಲಿಲ್ಲ, ಮೈದುನನ ಕಡೆಯೂ ಇರಲಿಲ್ಲ. ಅವಳಿದ್ದದ್ದು ಹುಳದ ಕಡೆ. ತಟ್ಟೆಯ ಮೇಲೆ ಬಗ್ಗಿ, ಮೈ ಸ್ವಲ್ಪ ಮಂಕಾದ ಹುಳ ಕಂಡರೂ ಹೆಕ್ಕಿ ತೆಗೆದು ಸುಣ್ಣದ ಕುಡಿಕೆಗೆ ಹಾಕುತ್ತಿದ್ದಳು.

ಮೂರನೆಯ ಜ್ವರ ಕಳೆದ ಹೊತ್ತಿಗೆ ತೊಟ್ಟಿಯಲ್ಲಿಯೂ ಒಂದು ಸಂಗತಿ ನಡೆಯಿತು. ಓರೆಯಾಗಿ ನಿಲ್ಲಿಸಿದ್ದ ಹಂಚಿನ ಚೂರಿನ ಮೇಲೆ ಹೆಣ್ಣುಮೀನು ರಾಗಿ ಕಾಳಿನಂಥ ಮೊಟ್ಟೆಗಳನ್ನು ಸಾಲಾಗಿ ಅಂಟಿಸಿತು. ಆಮೇಲೆ ಗಂಡೂ ಹೆಣ್ಣೂ ಸರದಿಯ ಮೇಲೆ ಅದರ ಮುಂದೆ ನಿಂತು ರೆಕ್ಕೆಯಿಂದ ಗಾಳಿ ಹಾಕಿದವು. ಮುನಿಗಂಗಮ್ಮ ಸೊಪ್ಪಿನ ಬುಟ್ಟಿ ಹಿಡಿದು ನಿಂತೇ ನೋಡಿದಳು. ಒಂದು ಮೊಟ್ಟೆ ಬೆಳ್ಳಗೆ ಕೆಟ್ಟಿತ್ತು. ಮೀನು ಅದನ್ನು ಬಾಯಿಂದ ಕಿತ್ತು ದೂರ ಉಗುಳಿತು.

"ಅಯ್ಯ, ರೋಗದ್ದನ್ನ ಆಯ್ದು ತೆಗೀತದಲ್ಲೇ" ಎಂದಳು.

"ನಿಮ್ ಹಂಗೇ."

"ನನ್ನ ಮೀನಿಗೆ ಹೋಲಿಸ್ತೀಯಾ?"

"ಮೀನಿಗೇನೂ ಬೇಜಾರಿಲ್ಲ ಅತ್ತೆ."

ಮುನಿಗಂಗಮ್ಮ ಬುಟ್ಟಿಯನ್ನು ಕುಕ್ಕಿ ಹೊರಗೆ ಹೋದಳು. ಆದರೆ ಅಂದು ಸಂಜೆ ಅಗ್ಗಿಷ್ಟಿಕೆಯನ್ನು ತೊಟ್ಟಿಯ ಕಡೆ ಒಂದು ಗೇಣು ಸರಿಸಿಟ್ಟವಳು ಅವಳೇ.

ಹುಳ ನಾಲ್ಕನೆಯ ಜ್ವರಕ್ಕೆ ಕೂತವು. ಕೋಣೆಯಲ್ಲಿ ಮೇಯುವ ಸದ್ದು ನಿಂತು, ತಟ್ಟೆ ತಟ್ಟೆಯಲ್ಲಿಯೂ ಹುಳಗಳು ತಲೆಯೆತ್ತಿ ಕಲ್ಲಿನಂತೆ ನಿಂತಿದ್ದವು. ಆ ದಿನವೇ ರಾಮಾಂಜಿನಪ್ಪನ ಮನೆಗೆ, ಅವನ ಮಗಳ ಮದುವೆಯ ಮಾತಿಗೆ, ಚಿಂತಾಮಣಿಯಿಂದ ಬೀಗರಾಗುವವರು ಬಂದರು. ಗಂಡಿನ ತಂದೆ ಗಂಗುಲಪ್ಪ, ಅವನ ಮುದಿ ತಾಯಿ, ಜೊತೆಗೆ ಇನ್ನಿಬ್ಬರು. ಒಬ್ಬಟ್ಟಿನ ಊಟವಾಯಿತು. ಎಲೆ ಅಡಿಕೆ ಹಾಕಿಕೊಂಡು ರಾಮಾಂಜಿನಪ್ಪ ದೊರೆಯ ಮೀನಿನ ಮಾತೆತ್ತಿದ. ಮುದುಕಿ, ಗಾಜಿನ ಪೆಟ್ಟಿಗೆಯಲ್ಲಿ ಮೀನೇ ಎಂದು ತೆಲುಗಿನಲ್ಲಿ ಬೆರಗಾಗಿ, "ಚೂದ್ದಾಂ ಪದಂಡಿ", ನಡೆಯಿರಿ ನೋಡೋಣ, ಎಂದು ಎದ್ದೇಬಿಟ್ಟಳು. ಹೊರಟಿತು ಸವಾರಿ.

ಮುನಿಗಂಗಮ್ಮ ಹಜಾರದಲ್ಲಿ ಕೂತು, ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಯ ಸಡಿಲವಾದ ಸುತ್ತುಗಳನ್ನು ಬಿಗಿಯುತ್ತಿದ್ದಳು. ಕೊಂಡಮ್ಮ ಒಳಗಿದ್ದಳು. ಹೆಜ್ಜೆ ಸದ್ದು ಕೇಳಿ, ಹುಳದ ಮನೆಯ ಬಾಗಿಲನ್ನು ಅರೆ ತೆರೆದು ಅಡ್ಡ ನಿಂತಳು.

"ಬಾಗಿಲು ಪೂರ್ತಿ ತೆಗಿಯಮ್ಮ. ಬೀಗರು ಮೀನು ನೋಡ್ಬೇಕಂತೆ" ಎಂದ ರಾಮಾಂಜಿನಪ್ಪ. ದನಿಯಲ್ಲಿ ಬೆಣ್ಣೆ.

"ಹುಳ ಜ್ವರಕ್ಕೆ ಕೂತವೆ ಮಾವ. ಗೂಡು ಬಿಡಿಸಿದ ಮೇಲೆ ಬರೋಕೇಳಿ, ಬೇಕಾದಷ್ಟು ಹೊತ್ತು ನೋಡ್ಲಿ."

"ಚಿಂತಾಮಣಿಯಿಂದ ಬಂದವ್ರೆ."

"ದಿಲ್ಲಿಯಿಂದ ಬಂದ್ರೂ ಅಷ್ಟೇಯ."

ಮುದುಕಿ ಮಗನ ತೋಳು ತಟ್ಟಿ, "ಏಮಂಟುಂದಿರಾ ಆ ಪಿಲ್ಲ?" ಎಂದು ಕೇಳಿದಳು. ಹುಡುಗಿ ಬೇಡವೆನ್ನುತ್ತಿದ್ದಾಳೆ ಎಂದು ಗಂಗುಲಪ್ಪ ಮುಖ ಬಿಗಿದುಕೊಂಡು ತಿಳಿಸಿದ. ರಾಮಾಂಜಿನಪ್ಪನ ಬೆಣ್ಣೆ ಕರಗಿತು.

"ಅತ್ತಿಗೆ, ನಿನ್ ಸೊಸೆಗೆ ಬುದ್ಧಿ ಹೇಳ್ತೀಯೋ, ಇಲ್ಲಾ ನಾನೇ ತಳ್ಕೊಂಡು ಹೋಗ್ಲೋ?"

ಕೊಂಡಮ್ಮ ಎರಡೂ ಕೈಗಳಿಂದ ಬಾಗಿಲ ಚೌಕಟ್ಟು ಹಿಡಿದಳು. ಇಷ್ಟು ಜನ ಒಳಗೆ ನುಗ್ಗಿದರೆ ಹುಳದ ಗತಿ ಏನೋ, ಬೆದರಿದ ಮೀನು ತನ್ನ ಮೊಟ್ಟೆಯನ್ನು ತಾನೇ ತಿಂದುಬಿಡುತ್ತದೆ. ಹುಳ ಸತ್ತರೆ ತನ್ನ ಮಾತಿನಂತೆ ತಾನೇ ಕೆರೆಯ ದಾರಿ ಹಿಡಿಯಬೇಕು. ಅತ್ತೆ ಏಳುವುದು ಕಂಡಿತು. ಅತ್ತೆ ತನ್ನನ್ನು ಎಳೆದು ಪಕ್ಕಕ್ಕೆ ನಿಲ್ಲಿಸುತ್ತಾಳೆ ಎಂದುಕೊಂಡು ಇನ್ನೂ ಬಿಗಿಯಾಗಿ ಹಿಡಿದಳು. ಮುನಿಗಂಗಮ್ಮ ಚಂದ್ರಿಕೆಯನ್ನು ಎತ್ತಿಕೊಂಡು ಬಂದು, ಬೂದಿಯ ಗೆರೆಯ ಮೇಲೆ, ಹೊಸಿಲಿಗೆ ಅಡ್ಡಲಾಗಿ ಕೂತು, ಚಂದ್ರಿಕೆಯನ್ನು ತೊಡೆಯ ಮೇಲೆ ಹರಡಿಕೊಂಡಳು.

"ಮೀನಿನ ವಿಷ್ಯ ನಂಗೆ ಬೇಡ ರಾಮಾಂಜಿನಪ್ಪ. ಇದು ಹುಳದ ಮನೆ. ನಿಮ್ಮಣ್ಣ ಇದ್ದಾಗ ನೀನೂ ಈ ಗೆರೆ ದಾಟ್ತಿರ್ಲಿಲ್ಲ."

"ಆಗಿನ ಮಾತು ಈಗ್ಯಾಕೆ?"

"ಹೋದ ಬೆಳೇಲಿ ದಾಟಿದೆ, ಅದಕ್ಕೆ. ಗೌರಿಬಿದನೂರು ಕಡೆ ನೆಂಟನ್ನ ಒಳಕ್ಕೆ ಕರ್ಕೊಂಡು ಬಂದೆ. ಅವನ ಮನೆ ಹುಳ ಎಲ್ಲಾ ಹಾಲು ಸುರಿಸ್ಕೊಂಡು ಸತ್ತಿದ್ವು. ಗುಂಡಿಗೆ ಹಾಕಿ ಬೇಜಾರಾಗಿ ಇತ್ತ ಬಂದೆ ಅಂತ ಅವನೇ ಅಂದ, ನನ್ ಕೈಲಿ ಮಜ್ಜಿಗೆ ಇಸ್ಕೊಂಡು ಕುಡೀತಾ. ಆ ಕೈಯಾಗೇ ನನ್ ಹುಳ ಎತ್ತಿದ."

ಕೊಂಡಮ್ಮ ಈ ಮಾತನ್ನು ಕೇಳಿದ್ದು ಅದೇ ಮೊದಲು. ರಾಮಾಂಜಿನಪ್ಪ ಬೀಗರ ಮುಖ ನೋಡಿ, ಅತ್ತಿಗೆಯ ಕಡೆ ತಿರುಗಿದ.

"ಬೀಗರ ಮುಂದೆ ನನ್ನ ಮಾನ ತೆಗೀತೀಯಾ ಅತ್ತಿಗೆ?"

"ನೀನಾಗಿ ಕರ್ಕೊಂಡು ಬಂದೆ ಅಪ್ಪ. ನಾನು ಕರೆಯೋಕೆ ಹೋಗಿದ್ನಾ?" ಎಂದು ಮುನಿಗಂಗಮ್ಮ ಬಿದಿರಿನ ಎಳೆಯೊಂದನ್ನು ಹಲ್ಲಿನಿಂದ ಬಿಗಿದಳು.

ಗಂಗುಲಪ್ಪ ಕೆಮ್ಮಿ, ವಲ್ಲಿಯನ್ನು ಹೆಗಲಿಗೆ ಸರಿಮಾಡಿಕೊಂಡು ಹೊರಗೆ ನಡೆದ. ಮುದುಕಿ ಮಾತ್ರ ಸ್ವಲ್ಪ ಹೊತ್ತು ನಿಂತು, ಕೊಂಡಮ್ಮನ ತೋಳಿನ ಸಂದಿಯಿಂದ ಒಳಗೆ ಇಣುಕಲು ನೋಡಿದಳು. ಕೊಂಡಮ್ಮ ಸಂದಿಯನ್ನೂ ಮುಚ್ಚಿದಳು.

ಎಲ್ಲರೂ ಹೋದ ಮೇಲೆ ಅವಳು ಅತ್ತೆಯನ್ನು ಕೇಳಿದಳು: "ಇದನ್ನ ಅವತ್ತು ಜಗಲೀಲಿ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮೈದುನನ ಮಾನ ಹೋಗ್ತಿತ್ತು."

"ನನ್ ಮೀನಿನ ಮೇಲೆ ಹೊರಿಸಿದ್ರಲ್ಲ?"

"ಮೀನಿಗೇನೇ ಮಾನ?"

ಕೊಂಡಮ್ಮನಿಗೆ ಅತ್ತೆಯ ಮೇಲೆ ಅಷ್ಟು ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ಹೊಸಿಲಲ್ಲಿ ಅಡ್ಡ ಕೂತು ಕಾಪಾಡಿದವಳೂ ಅವಳೇ, ಅಷ್ಟು ದಿನ ಬಾಯಿ ಮುಚ್ಚಿಕೊಂಡು ಸೊಸೆಯನ್ನು ಊರ ಬಾಯಿಗೆ ಹಾಕಿದವಳೂ ಅವಳೇ. ಗೂಡು ಬಿಡಿಸುವವರೆಗೆ ಸೊಪ್ಪು, ತಟ್ಟೆ, ಕೆಂಡ ಎಂಬ ಕೆಲಸದ ಮಾತುಗಳನ್ನು ಬಿಟ್ಟು ಬೇರೆ ಒಂದನ್ನೂ ಅತ್ತೆಯೊಡನೆ ಆಡಲಿಲ್ಲ. ಮುನಿಗಂಗಮ್ಮನೂ ಮಾತನಾಡಿಸಲು ಹೋಗಲಿಲ್ಲ. ನರಸಿಂಹಪ್ಪ ಇಬ್ಬರಿಗೂ ಬೇರೆ ಬೇರೆಯಾಗಿ ಹವಾಮಾನದ ವಿಚಾರ ಹೇಳುತ್ತ ತಿರುಗಾಡಿದ.

ಹುಳ ಜ್ವರದಿಂದ ಎದ್ದವು. ಹಸಿದು ಮೇದವು. ಮೈ ಹಳದಿ ತಿರುಗಿ ಹಣ್ಣಾದವು. ಚಂದ್ರಿಕೆಗೆ ಬಿಟ್ಟರೆ ತಲೆ ತೂಗುತ್ತ ನೂಲು ಎಳೆದವು. ಮೀನಿನ ಮೊಟ್ಟೆಯೂ ಒಡೆದು, ಸೂಜಿಮೊನೆಯಂಥ ಮರಿಗಳು ತೊಟ್ಟಿಯ ಮೂಲೆಯಲ್ಲಿ ಗುಂಪಾದವು. ಗೂಡು ಬಿಡಿಸಿದ ದಿನ ಕೆಟ್ಟ ಗೂಡುಗಳ ಬುಟ್ಟಿ ಮುಕ್ಕಾಲು ಖಾಲಿಯೇ ಇತ್ತು. ನರಸಿಂಹಪ್ಪ ಮೂಟೆಗಳನ್ನು ಗಾಡಿಗೆ ಹೇರಿ ಶಿಡ್ಲಘಟ್ಟಕ್ಕೆ ಹೊಡೆದುಕೊಂಡು ಹೋದ.

ಕೊಂಡಮ್ಮ ಗೆದ್ದಿದ್ದಳು. ಆದರೆ ರಾಮಾಂಜಿನಪ್ಪ ಸೋಲೊಪ್ಪುವ ಪೈಕಿಯವನಲ್ಲ. ಮಗಳ ಮದುವೆ ಹೇಗೋ ನಿಂತುಹೋಗದೆ ಉಳಿದಿತ್ತು, ಅಂದಿನ ಅವಮಾನವನ್ನು ಮಾತ್ರ ಅವನು ಮರೆತಿರಲಿಲ್ಲ. ಮತ್ತೆ ಜಗಲಿಗೆ ಬಂದು ಹೊಸ ರಾಗ ತೆಗೆದ.

"ಹುಳ ಬದುಕಿದ್ವು, ಸರಿ. ಆದ್ರೆ ಮೀನು ಇರೋವರ್ಗೂ ನೋಡೋರು ಬರ್ತಾನೇ ಇರ್ತಾರೆ. ಬಂದೋರ್ನ ಬಾಗಿಲಿಂದ ಹಿಂದಕ್ಕೆ ಕಳಿಸೋದು ಒಕ್ಕಲಿನ ಮನೆಗೆ ಶೋಭೆಯಾ? ಊರೆಲ್ಲಾ ಆಡ್ಕೊಳ್ತದೆ. ಆ ತೊಟ್ಟಿ ಇರಬಾರ್ದು."

"ತೊಟ್ಟಿ ವಿಷ್ಯ ಯಾರೂ ಎತ್ತಬಾರ್ದು ಅಂತ ಮಾತಾಗಿತ್ತು" ಎಂದಳು ಕೊಂಡಮ್ಮ.

"ಹೆಣ್ಣು ಹೇಳಿದ ಮಾತು, ಅದೂ ಒಂದು ಕರಾರಾ?"

ಅವಳು ತಿರುಗಿ ಒಳಗೆ ಹೋದಳು. ರಾಮಾಂಜಿನಪ್ಪ, ಕೊನೆಗೂ ಬಾಯಿ ಮುಚ್ಚಿಸಿದೆನೆಂದು ಮೀಸೆ ನೀವಿಕೊಂಡು ಮನೆಗೆ ಹೋದ.

ಒಳಗೆ ಕೊಂಡಮ್ಮ ಒಂದು ಹುರಿ ತೆಗೆದುಕೊಂಡು ತೊಟ್ಟಿಯ ಉದ್ದ, ಎತ್ತರ ಅಳೆಯುತ್ತಿದ್ದಳು. ಹುಳದ ಮನೆಯ ಒಂದು ಗೋಡೆ ಓಣಿಯ ಕಡೆಗಿತ್ತು. ಮೊಳದಷ್ಟು ದಪ್ಪದ ಮಣ್ಣಿನ ಗೋಡೆ, ಕಿಟಕಿಯಿಲ್ಲ. ಓಣಿ ಇದ್ದದ್ದು ಬಡಗಣ ದಿಕ್ಕಿಗೆ, ಬಿಸಿಲು ನೇರ ಬೀಳುವಂತಿರಲಿಲ್ಲ. ಅವಳು ಗಂಡನಿಗೆ, "ಹಾರೆ ತನ್ನಿ" ಎಂದಳು.

"ಯಾಕೆ?"

"ಗೋಡೆ ಒಡೆಯೋಕೆ."

ನರಸಿಂಹಪ್ಪ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಆಮೇಲೆ ಗೋಡೆಯನ್ನು ನೋಡಿದ. ಪಾಲಾದಾಗ ಆ ಗೋಡೆ ತನ್ನ ಭಾಗಕ್ಕೆ ಬಂದದ್ದು ಅವನಿಗೆ ನೆನಪಾಗಿರಬೇಕು. ಹೋಗಿ ಹಾರೆ ತಂದ. ಕೊಂಡಮ್ಮ ಇದ್ದಿಲಿನಿಂದ ಗೋಡೆಯ ಮೇಲೆ ಚೌಕ ಬರೆದಳು.

ಮುನಿಗಂಗಮ್ಮ ಚೌಕದ ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದಳು. ಬೇಡವೆನ್ನುತ್ತಾಳೆ ಎಂದು ಮಗ ಹಾರೆಯನ್ನು ಇಳಿಸಿದ.

"ಅಳತೆ ಸರಿಯಾಗಿ ತಗೊಂಡಿದ್ದೀಯಾ? ಗಾಜಿಗಿಂತ ಒಂದು ಬೆರಳು ಜಾಸ್ತಿ ಒಡೆದ್ರೆ ಇರುವೆ ಬರ್ತವೆ, ನನ್ ಹುಳಕ್ಕೆ."

"ಓಣಿ ಕಡೆ ಸಂದಿಗೆ ಮಣ್ಣು ಮೆತ್ತೋಣ ಅತ್ತೆ. ಮೇಲೆ ಸುಣ್ಣ."

"ಸುಣ್ಣ ನಾನು ಬಳೀತೀನಿ. ನೀನು ಬಳಿದ್ರೆ ಉದುರ್ತದೆ."

ಕೆಲಸದ ಮಾತಲ್ಲದ ಮೊದಲ ಮಾತು ಅದು ಎನ್ನಬಹುದೋ, ಅದೂ ಕೆಲಸದ ಮಾತೇ ಎನ್ನಬಹುದೋ, ಕೊಂಡಮ್ಮನಿಗೆ ತಿಳಿಯಲಿಲ್ಲ. ಅವಳು ಸುಣ್ಣದ ಮಡಕೆಯನ್ನು ಅತ್ತೆಯ ಹತ್ತಿರ ಸರಿಸಿದಳು.

ಮರುದಿನ ಹೊತ್ತೇರುವಷ್ಟರಲ್ಲಿ ತೊಟ್ಟಿ ಗೋಡೆಯ ದಪ್ಪದೊಳಗೆ ಕೂತಿತು. ಅದರ ಒಂದು ಗಾಜು ಹುಳದ ಮನೆಗೆ, ಇನ್ನೊಂದು ಗಾಜು ಓಣಿಗೆ. ನೋಡುವವರು ಓಣಿಯಲ್ಲಿ ನಿಂತು ನೋಡಬಹುದು, ಒಳಗೆ ಗಾಳಿಯ ಎಳೆಯೂ ಬಾರದು. ಸುದ್ದಿ ಹಬ್ಬಿ ಓಣಿಯಲ್ಲಿ ಜನ ನೆರೆದರು. ಬಾವಿಕಟ್ಟೆಯ ಹೆಂಗಸರು ಬಿಂದಿಗೆ ಇಳಿಸಿ ಗಾಜಿಗೆ ಮೂಗು ಒತ್ತಿದರು. ಜೋಡಿಮೀನುಗಳು ಮರಿಗಳ ಸುತ್ತ ಕಾವಲು ತಿರುಗಿ, ಗಾಜಿನಾಚೆಯ ಮೂಗುಗಳನ್ನು ಹೆದರಿಸಲು ರೆಕ್ಕೆ ಬಿಚ್ಚಿ ನುಗ್ಗುತ್ತಿದ್ದವು.

ಗುಂಪು ಸೀಳಿಕೊಂಡು ರಾಮಾಂಜಿನಪ್ಪ ಬಂದ. ಕೈಯಲ್ಲಿದ್ದ ಕೋಲನ್ನು ಗೋಡೆಯ ಕಡೆ ಚಾಚಿದ.

"ನಮ್ ತಾತ ಕಟ್ಟಿದ ಗೋಡೆ ಕಣೇ ಇದು. ಯಾರನ್ನ ಕೇಳಿ ಒಡೆದೆ?"

ಕೊಂಡಮ್ಮ ಒಳಗಿನಿಂದ, ಸೋಸಿದ ಸೊಳ್ಳೆಮರಿಗಳನ್ನು ತೊಟ್ಟಿಗೆ ಬಿಡುತ್ತಿದ್ದಳು. ನೀರಿನಾಚೆ ಅವಳ ಮುಖ ಓಣಿಯವರಿಗೆಲ್ಲ ಕಾಣುತ್ತಿತ್ತು. ಅವಳು ದನಿ ಎತ್ತಿ ಹೇಳಿದ್ದು ಗಾಜಿನಾಚೆಗೂ ಕೇಳಿಸಿತು.

"ಯಾರ್ನೂ ಕೇಳ್ಲಿಲ್ಲ ಮಾವ. ಬಂದೋರ್ನ ಹಿಂದಕ್ಕೆ ಕಳಿಸಬಾರ್ದು ಅಂದ್ರಲ್ಲ, ಇನ್ನು ಕಳಿಸಲ್ಲ. ನೀವೂ ನಿಂತು ನೋಡಿ. ಒಳಕ್ಕೆ ಮಾತ್ರ ಬರಬೇಡಿ."